ಹೊಟ್ಟೆಯ ಬೊಜ್ಜು: ಪುಡಿಯಿಂದಲ್ಲ, ಪಥ್ಯದಿಂದ

ನಮ್ಮಲ್ಲಿ ಹೊಟ್ಟೆ ಬಂದವರನ್ನು ಕಂಡಾಗ ಹೊರಡುವುದು ಎರಡೇ ಬಗೆಯ ಮಾತು. ಮುಂದೆ ನಿಂತಾಗ “ಮೈ ಕೈ ತುಂಬಿಕೊಂಡಿದ್ದೀರಿ, ಸುಖವಾಗಿದ್ದೀರಿ” ಎಂಬ ಮೆಚ್ಚುಗೆ. ಮರೆಯಾದಾಗ ಒಂದು ಸಣ್ಣ ನಗೆ. ಮೆಚ್ಚುಗೆಯಿಂದಲೂ ನಗೆಯಿಂದಲೂ ಆ ದೇಹಕ್ಕೆ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಹೊಟ್ಟೆಯೊಳಗೆ ಸೇರಿಕೊಂಡಿರುವುದೇನು, ಅದು ದೇಹಕ್ಕೆ ಮಾಡುತ್ತಿರುವುದೇನು?

ಚಿಕಿತ್ಸಾಲಯಕ್ಕೆ ಬರುವವರಲ್ಲಿ ಬಹುಮಂದಿ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅವರು ನೇರವಾಗಿ ಕೇಳುವುದು, “ಆಯುರ್ವೇದದಲ್ಲಿ ಹೊಟ್ಟೆ ಕರಗಿಸುವ ಪುಡಿ ಇದೆಯಂತೆ, ಅದನ್ನು ಕೊಡಿ” ಎಂದು. ಆಯುರ್ವೇದವನ್ನೇ ಕಲಿತು, ಅದನ್ನೇ ಕಾಯಕವಾಗಿ ಮಾಡಿಕೊಂಡು ಬಂದ ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಮೊದಲ ಮಾತು ಇದು: ಊಟ ಇದ್ದಂತೆಯೇ ಇರಲಿ, ಕುಳಿತವರು ಕುಳಿತಂತೆಯೇ ಇರಲಿ, ಹೊಟ್ಟೆ ಮಾತ್ರ ಕರಗಲಿ ಎನ್ನುವವರಿಗೆ ಕೊಡಬಲ್ಲ ಪುಡಿ ನಮ್ಮ ಶಾಸ್ತ್ರದಲ್ಲಿಲ್ಲ. ಇರುವುದು ಪಥ್ಯ. ಆ ಪಥ್ಯವು ಆರಂಭವಾಗಬೇಕಾದುದು ಉಣ್ಣುವವರ ಬಾಯಿಯಲ್ಲಿ ಮಾತ್ರವಲ್ಲ, ಬಡಿಸುವವರ ಕೈಯಲ್ಲಿ ಕೂಡ ಎಂಬುದು ನನ್ನ ಅನುಭವದ ಅಭಿಪ್ರಾಯ.

ಕಾಣುವ ಕೊಬ್ಬು, ಕಾಣದ ಕೊಬ್ಬು

ಹೊಟ್ಟೆಯ ಭಾಗದಲ್ಲಿ ಕೊಬ್ಬು ಎರಡು ಕಡೆ ಸೇರುತ್ತದೆ. ಒಂದು, ಚರ್ಮದ ಅಡಿಯಲ್ಲಿ, ಬೆರಳಿನಿಂದ ಹಿಡಿಯಲು ಸಿಗುವಂಥದು. ಇನ್ನೊಂದು, ಹೊಟ್ಟೆಯ ಸ್ನಾಯುಗಳ ಒಳಬದಿಯಲ್ಲಿ, ಕರುಳು ಮತ್ತು ಯಕೃತ್ತುಗಳ ಸುತ್ತ ತುಂಬಿಕೊಳ್ಳುವಂಥದು. ಹೆಚ್ಚು ಅಪಾಯ ಈ ಎರಡನೆಯದರಿಂದ. ಇದು ಸುಮ್ಮನೆ ಬಿದ್ದುಕೊಂಡಿರುವ ದಾಸ್ತಾನಲ್ಲ. ಇದರಿಂದ ಬಿಡುಗಡೆಯಾಗುವ ಕೊಬ್ಬಿನ ಆಮ್ಲಗಳು ಯಕೃತ್ತನ್ನು ಸೇರಿ ಅಲ್ಲಿಯೂ ಕೊಬ್ಬು ಕಟ್ಟಲು ಕಾರಣವಾಗುತ್ತವೆ. ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದೆ ಸೋಲುತ್ತದೆ. ಅಲ್ಲಿಂದ ಮುಂದೆ ಮಧುಮೇಹ, ಏರಿದ ರಕ್ತದೊತ್ತಡ, ಹೃದ್ರೋಗ ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ.

ಇದನ್ನು ತಿಳಿಯಲು ದುಬಾರಿ ಪರೀಕ್ಷೆ ಬೇಕಿಲ್ಲ, ದರ್ಜಿಯ ಟೇಪು ಸಾಕು. ನೇರವಾಗಿ ನಿಂತು, ಸಹಜವಾಗಿ ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಳತೆ ತೆಗೆಯಬೇಕು. ನಮ್ಮ ದೇಶದ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಗೊಳ್ಳಬೇಕು. ಇಂಚಿನ ಲೆಕ್ಕದಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. “ನನ್ನ ಪ್ಯಾಂಟಿನ ಅಳತೆ ಇಪ್ಪತ್ತು ವರ್ಷದಿಂದ ಬದಲಾಗಿಲ್ಲ” ಎನ್ನುವವರು ಒಮ್ಮೆ ಕನ್ನಡಿಯ ಮುಂದೆ ನಿಂತು ನೋಡಲಿ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ, ಅಳತೆ ಅಲ್ಲಿಯೇ ಉಳಿದಿರುತ್ತದೆ.

ತೂಕ ಸರಿಯಾಗಿದ್ದರೆ ಚಿಂತೆಯಿಲ್ಲವೆಂಬುದೂ ಪೂರ್ಣ ಸತ್ಯವಲ್ಲ. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹವನ್ನೇ ಉದಾಹರಣೆಯಾಗಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲೂ ಒಂದೇ, 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ದೇಹಪ್ರಕೃತಿ ನಮ್ಮವರಲ್ಲಿ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದಲ್ಲಿ ದೇಹವಿಡೀ ಸ್ಥೂಲರಾದ ವಯಸ್ಕರು ಶೇಕಡಾ 28.6 ಇದ್ದರೆ, ಹೊಟ್ಟೆಯ ಬೊಜ್ಜುಳ್ಳವರು ಶೇಕಡಾ 39.5 ಇದ್ದರು. ಅಂದರೆ ಹತ್ತರಲ್ಲಿ ನಾಲ್ವರು. ಇದು ಯಾರೋ ಕೆಲವರ ಮನೆಯ ಮಾತಲ್ಲ.

ಚರಕಾಚಾರ್ಯರು ಕಂಡ ಸ್ಥೂಲದೇಹ

ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಈ ವಿಷಯಕ್ಕೇ ಮೀಸಲು ಎನ್ನಬಹುದು. ಮೇದಸ್ಸು ಮತ್ತು ಮಾಂಸ ಅತಿಯಾಗಿ ಬೆಳೆದು, ನಡೆಯುವಾಗ ಹೊಟ್ಟೆ, ನಿತಂಬ ಮತ್ತು ಎದೆಯ ಭಾಗಗಳು ಅಲುಗಾಡುವವನನ್ನು ಆಚಾರ್ಯರು ಅತಿಸ್ಥೂಲನೆಂದು ಗುರುತಿಸುತ್ತಾರೆ. ಅಂಥವನಿಗೆ ಒದಗುವ ಎಂಟು ತೊಂದರೆಗಳನ್ನು ಎಣಿಸುವಾಗ ಅವರು ಮೊದಲು ಹೇಳುವುದು ಆಯುಷ್ಯದ ಕುಗ್ಗುವಿಕೆಯನ್ನು. ನಡಿಗೆಯ ಮಂದಗತಿ, ದೌರ್ಬಲ್ಯ, ಅತಿಯಾದ ಬೆವರು, ಅತಿಯಾದ ಹಸಿವು ಮತ್ತು ಬಾಯಾರಿಕೆ ಮುಂತಾದವು ಆಮೇಲೆ. ಸೌಂದರ್ಯದ ಮಾತು ಆ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಬೇಕು.

ಕಾರಣಗಳ ಪಟ್ಟಿಯೂ ಇಂದು ಬರೆದಂತೆಯೇ ಇದೆ. ಅತಿಯಾದ ಭೋಜನ, ಜಡವೂ ಸಿಹಿಯೂ ಜಿಡ್ಡೂ ಆದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಜೊತೆಗೆ ತಂದೆತಾಯಿಯರಿಂದ ಬರುವ ಬೀಜಸ್ವಭಾವ. ಇವುಗಳಲ್ಲಿ ಕೊನೆಯದು ಮಾತ್ರ ನಮ್ಮ ಕೈಯಲ್ಲಿಲ್ಲ.

“ಡಾಕ್ಟರೇ, ನನಗೆ ಹಸಿವು ತಡೆಯಲಾಗುವುದಿಲ್ಲ” ಎಂದು ಸ್ಥೂಲರು ಹೇಳಿದಾಗ ಮನೆಯವರು ನಗುತ್ತಾರೆ. ನಗಬಾರದು. ಮೇದಸ್ಸಿನಿಂದ ಸ್ರೋತಸ್ಸುಗಳು ಮುಚ್ಚಿದಾಗ ವಾಯುವು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಊದುತ್ತದೆ, ಆಗ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎಂದು ಚರಕರು ವಿವರಿಸುತ್ತಾರೆ. ಆದ್ದರಿಂದಲೇ ಅವರು ಸ್ಥೂಲರಿಗೆ ಬರಿಯ ಉಪವಾಸವನ್ನು ಹೇಳದೆ, ಹೊಟ್ಟೆಗೆ ಭಾರವೆನಿಸಿ ಹಸಿವನ್ನು ತಣಿಸುವ, ಆದರೆ ಮೇದಸ್ಸನ್ನು ಬೆಳೆಸದ ಆಹಾರವನ್ನು ಹೇಳುತ್ತಾರೆ. ಜವೆಗೋಧಿ, ಹಾರಕ ಸಾವೆಯಂತಹ ಕಿರುಧಾನ್ಯಗಳು, ಹುರುಳಿ, ಹೆಸರು ಇವೆಲ್ಲ ಆ ಬಗೆಯವು. ನಾರು ಹೆಚ್ಚಿರುವ ಧಾನ್ಯ, ಬೇಳೆಕಾಳುಗಳನ್ನು ತಿನ್ನಿ ಎಂಬ ಇಂದಿನ ಆಹಾರತಜ್ಞರ ಸಲಹೆಯೂ ಇದೇ ಜಾಡಿನಲ್ಲಿದೆ.

ತಟ್ಟೆ ಉಳಿಯಿತು, ಕಾಯಕ ಹೋಯಿತು

ನಮ್ಮ ಉತ್ತರ ಕರ್ನಾಟಕದ ಹಿಂದಿನ ತಲೆಮಾರಿನವರು ಕಡಿಮೆ ಉಣ್ಣುತ್ತಿರಲಿಲ್ಲ. ಬಿತ್ತನೆಯಿಂದ ರಾಶಿಯವರೆಗೆ ಹೊಲದಲ್ಲಿ ದುಡಿಯುತ್ತಿದ್ದವರಿಗೆ ನಾಲ್ಕು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಬೇಕೇ ಬೇಕಿತ್ತು. ಮನೆಯ ತಾಯಂದಿರು ಬೀಸುವ ಕಲ್ಲು, ಒರಳು, ಬಾವಿಯ ಹಗ್ಗ ಇವುಗಳೊಡನೆ ದಿನ ಕಳೆಯುತ್ತಿದ್ದರು. ಉಂಡದ್ದು ಕಾಯಕದಲ್ಲಿ ವೆಚ್ಚವಾಗುತ್ತಿತ್ತು.

ಇಂದು ಬೀಸುವುದು ಗಿರಣಿ, ರುಬ್ಬುವುದು ಮಿಕ್ಸಿ, ನೀರೆತ್ತುವುದು ಮೋಟಾರು. ಹೊಲಕ್ಕೆ ಹೋಗುವುದೂ ಬೈಕಿನಲ್ಲಿ. ಇವು ಬೇಡವೆಂದು ನಾನು ಹೇಳುವುದಿಲ್ಲ. ತಾಯಂದಿರ ಬೆನ್ನು ಉಳಿಸಿದ ಉಪಕರಣಗಳಿವು. ಆದರೆ ಕಾಯಕ ಕಡಿಮೆಯಾದಾಗ ತಟ್ಟೆಯೂ ಕಿರಿದಾಗಬೇಕಿತ್ತು. ಆದದ್ದು ಬೇರೆ. ರೊಟ್ಟಿಯ ಮೇಲೆ ಅನ್ನ ಬಂತು, ಅನ್ನದ ಮೇಲೆ ಎಣ್ಣೆ ಬಂತು, ಸಂಜೆಗೆ ಮಿರ್ಚಿ ಭಜಿ ಮತ್ತು ಚುರುಮರಿ, ರಾತ್ರಿ ಹತ್ತಕ್ಕೆ ಟಿ.ವಿ.ಯ ಮುಂದೆ ಇನ್ನೊಂದು ಪೂರ್ಣ ಊಟ.

ಚಹಾದ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮನೆಯಲ್ಲಿ ಎರಡು ಬಾರಿ, ಕಚೇರಿಯಲ್ಲಿ ಎರಡು ಬಾರಿ, ಬಂದವರೊಡನೆ ಒಮ್ಮೆ ಎಂದರೆ ಐದು ಕಪ್ಪು. ಕಪ್ಪಿಗೆ ಎರಡು ಚಮಚೆಯಂತೆ ಹತ್ತು ಚಮಚೆ ಸಕ್ಕರೆ, ಅಂದರೆ ಸುಮಾರು 40 ಗ್ರಾಂ. ತಿಂಗಳಿಗೆ 1 ಕಿಲೋ 200 ಗ್ರಾಂ ಸಕ್ಕರೆ ಒಬ್ಬರ ಹೊಟ್ಟೆಗೆ ಚಹಾದಿಂದಲೇ ಸೇರುತ್ತದೆ. ಇಡೀ ದಿನದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲ ಹಾಕಿಕೊಂಡರೆ ಈ ಲೆಕ್ಕ ತಪ್ಪುತ್ತದೆಂದು ನಂಬಿದವರಿದ್ದಾರೆ. ಬೊಜ್ಜಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ.

ಶ್ರಾವಣ ಸೋಮವಾರದ ಉಪವಾಸದ ಬಗೆಗೂ ಒಂದು ಮಾತು. ಒಂದು ಹೊತ್ತಿನ ಊಟ ಬಿಟ್ಟು, ಅದರ ಬದಲು ಸಾಬುದಾಣಿ ಖಿಚಡಿ, ಕರಿದ ಆಲೂಗಡ್ಡೆ, ಶೇಂಗಾ ಉಂಡೆ, ನಾಲ್ಕು ಬಾಳೆಹಣ್ಣು ತಿಂದರೆ ಅದು ಹೆಸರಿಗೆ ಉಪವಾಸ. ಸಾಬುದಾಣಿಯಲ್ಲಿ ಬಹುತೇಕ ಪಿಷ್ಟದ ಹೊರತು ಬೇರೇನೂ ಇಲ್ಲ. ಅಂದು ಹೊಟ್ಟೆಗೆ ಬಿದ್ದದ್ದು ನಿತ್ಯದ ಊಟಕ್ಕಿಂತ ಹೆಚ್ಚೇ ಆಗಿರುತ್ತದೆ.

ಪ್ರಸಾದ ಚೆಲ್ಲಬಾರದು ಎಂಬುದರ ಅರ್ಥ

ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಊಟದ ಕೊನೆಗೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಇದು ಉದಾತ್ತವಾದ ಆಚರಣೆ. ಆದರೆ ಇದರ ಅರ್ಧವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ ಎಂದು ನನಗೆ ಅನಿಸುತ್ತದೆ.

ಆ ಹಿರಿಯರು ಬೇಕಾದಷ್ಟನ್ನೇ ನೀಡಿಸಿಕೊಳ್ಳುತ್ತಿದ್ದರು. “ಸಾಕು” ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವರು ಮುಂದೆ ಹೋಗುತ್ತಿದ್ದರು. ಚೆಲ್ಲಬಾರದೆಂಬ ನಿಯಮ ಆರಂಭವಾಗುತ್ತಿದ್ದುದು ನೀಡಿಸಿಕೊಳ್ಳುವಾಗ, ಕೊನೆಯ ತುತ್ತಿನಲ್ಲಲ್ಲ. ನಾವಿಂದು ತಟ್ಟೆ ತುಂಬ ಹಾಕಿಸಿಕೊಂಡು, ಅರ್ಧಕ್ಕೇ ಹೊಟ್ಟೆ ತುಂಬಿದರೂ, “ಚೆಲ್ಲಬಾರದಲ್ಲ” ಎಂದು ಉಳಿದದ್ದನ್ನು ಒಳಗೆ ತಳ್ಳುತ್ತೇವೆ. ಬೇಡವಾದ ಅನ್ನ ತಿಪ್ಪೆಗೆ ಹೋದರೂ ವ್ಯರ್ಥ, ಬೇಡವಾದ ಹೊಟ್ಟೆಗೆ ಹೋದರೂ ವ್ಯರ್ಥ. ಎರಡನೆಯದರಲ್ಲಿ ರೋಗವೂ ಜೊತೆಗೆ ಬರುತ್ತದೆ. ಮಕ್ಕಳು ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು ಎಲ್ಲವನ್ನೂ ತಾವೇ ತಿಂದು ಮುಗಿಸುವ ತಾಯಂದಿರ ಬೊಜ್ಜಿಗೆ ಇದು ದೊಡ್ಡ ಕಾರಣ. ಅವರನ್ನು ದೂರುವ ಮೊದಲು ಮನೆಯವರು ಅಡುಗೆಯ ಅಳತೆಯನ್ನು ಕಡಿಮೆ ಮಾಡಲಿ, ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ಬಡಿಸಲಿ.

ಒತ್ತಾಯದ ಬಡಿಕೆಯನ್ನು ನಾವು ಪ್ರೀತಿಯೆಂದು ತಿಳಿದಿದ್ದೇವೆ. “ಇನ್ನೊಂದು ಹೋಳಿಗೆ, ನನ್ನ ಮೇಲಾಣೆ” ಎಂದು ಮಧುಮೇಹಿಯ ತಟ್ಟೆಗೆ ತುಪ್ಪ ಸುರಿಯುವುದನ್ನು ಮದುವೆಮನೆಗಳಲ್ಲಿ ನೋಡಿದಾಗಲೆಲ್ಲ ವೈದ್ಯನಾದ ನನಗೆ ಕಳವಳವಾಗುತ್ತದೆ. ಜಾತ್ರೆ, ದಾಸೋಹಗಳಲ್ಲಿ ಸೇವೆ ಮಾಡುವ ತರುಣರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ಪಲ್ಯ, ಕೋಸಂಬರಿಗಳನ್ನು ಧಾರಾಳವಾಗಿ ಬಡಿಸಿ. ಸಿಹಿಯನ್ನೂ ಅನ್ನವನ್ನೂ ಕೇಳಿ ಬಡಿಸಿ. ಒಬ್ಬರು ಸಾಕೆಂದರೆ ಅದನ್ನು ಸಂಕೋಚವೆಂದು ಭಾವಿಸದೆ ಗೌರವಿಸಿ. ಹಸಿದವರಿಗೆ ಎಷ್ಟು ಬೇಕೋ ಅಷ್ಟು ನೀಡುವುದು ದಾಸೋಹ. ಸಾಕೆಂದವರಿಗೆ ನೀಡುವುದು ದಾಸೋಹವಾಗಲಾರದು.

ಹಣ ಹೋಗುವ, ಹೊಟ್ಟೆ ಹೋಗದ ದಾರಿಗಳು

ಆಯುರ್ವೇದದ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ‘ತೂಕ ಇಳಿಸುವ’ ಪುಡಿಗಳಲ್ಲಿ ಸೋನಾಮುಖಿಯಂತಹ ಭೇದಿಕಾರಕಗಳಿರುತ್ತವೆ. ನಾಲ್ಕು ದಿನ ಹೊಟ್ಟೆ ಜಾಡಿಸಿದಾಗ ತಕ್ಕಡಿಯಲ್ಲಿ ತೂಕ ಇಳಿಯುತ್ತದೆ. ಹೋದದ್ದು ನೀರು ಮತ್ತು ಮಲ, ಮೇದಸ್ಸಲ್ಲ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ದೇಹದ ಲವಣಗಳು ಏರುಪೇರಾಗುತ್ತವೆ, ಪುಡಿಯಿಲ್ಲದೆ ಮಲವಿಸರ್ಜನೆಯೇ ಆಗದ ಸ್ಥಿತಿ ಬರುತ್ತದೆ.

ಬೆಳಿಗ್ಗೆ ಬಿಸಿನೀರಿನಲ್ಲಿ ಜೇನುತುಪ್ಪ ಕಲಸಿ ಕುಡಿಯುವುದು ಆಯುರ್ವೇದವೆಂದೇ ಮನೆಮಾತಾಗಿದೆ. ಶಾಸ್ತ್ರದಲ್ಲಿ ಸ್ಥೂಲರಿಗೆ ಜೇನುನೀರನ್ನು ಹೇಳಿರುವುದು ನಿಜ. ಆದರೆ ಜೇನನ್ನು ಕಾಯಿಸಬಾರದು, ಬಿಸಿಯೊಡನೆ ಸೇರಿಸಬಾರದು ಎಂದೂ ಅದೇ ಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಜೊತೆಗೆ, ಜೇನೂ ಸಕ್ಕರೆಯ ಅಂಶವುಳ್ಳದ್ದೇ. ಉಳಿದ ಊಟ ಹಾಗೆಯೇ ಇದ್ದು ಮೇಲೆ ಎರಡು ಚಮಚೆ ಜೇನು ಸೇರಿದರೆ ಬೊಜ್ಜು ಹೆಚ್ಚುವುದೇ ಹೊರತು ಇಳಿಯುವುದಿಲ್ಲ.

ಹೊಟ್ಟೆಗೆ ಕಟ್ಟುವ ಪಟ್ಟಿ ಬೆವರಿಳಿಸುತ್ತದೆ, ಕೊಬ್ಬಿಳಿಸುವುದಿಲ್ಲ. ಹೊಟ್ಟೆಯ ವ್ಯಾಯಾಮವೊಂದನ್ನೇ ನೂರು ಬಾರಿ ಮಾಡಿದರೆ ಒಳಗಿನ ಸ್ನಾಯು ಬಲವಾಗುತ್ತದೆ, ಆದರೆ ಅದರ ಮೇಲಿನ ಕೊಬ್ಬು ಮಾತ್ರ ಆಯ್ದು ಕರಗುವುದಿಲ್ಲ. ದೇಹ ತನ್ನ ದಾಸ್ತಾನನ್ನು ಎಲ್ಲ ಕಡೆಯಿಂದಲೂ ತೆಗೆಯುತ್ತದೆ. ಒಣಪುಡಿಗಳಿಂದ ಮೈ ತಿಕ್ಕುವ ಉದ್ವರ್ತನ, ತ್ರಿಫಲಾ, ಗುಗ್ಗುಲು ಇವುಗಳಿಗೆ ಚಿಕಿತ್ಸೆಯಲ್ಲಿ ತಮ್ಮದೇ ಸ್ಥಾನವಿದೆ. ನಾನೂ ಅಗತ್ಯ ಕಂಡವರಿಗೆ ಕೊಡುತ್ತೇನೆ. ಅವು ಪಥ್ಯಕ್ಕೆ ಜೊತೆಗಾರರು. ಪಥ್ಯದ ಬದಲಿಗೆ ನಿಲ್ಲುವಂಥವಲ್ಲ. ವೈದ್ಯರನ್ನು ಕಾಣದೆ ಅಂಗಡಿಯಿಂದ ತಂದು ನುಂಗುವಂಥವೂ ಅಲ್ಲ.

ನಿತ್ಯದ ಪಥ್ಯ

ಹೊಟ್ಟೆಯನ್ನು ಮೂರು ಭಾಗವೆಂದು ಭಾವಿಸಿ, ಒಂದು ಭಾಗ ಘನಾಹಾರಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಭಾಗವನ್ನು ವಾತಾದಿ ದೋಷಗಳ ಸಂಚಾರಕ್ಕೆ ಬಿಡಬೇಕೆಂಬ ಸೂತ್ರ ಚರಕಸಂಹಿತೆಯಲ್ಲಿದೆ. ಇದನ್ನು ತಟ್ಟೆಗೆ ಇಳಿಸುವುದು ಹೀಗೆ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಸೌತೆ, ಮೂಲಂಗಿಗಳಿರಲಿ. ಕಾಲು ಭಾಗ ಹೆಸರು, ಮಡಕೆ, ಹುರುಳಿ, ಕಡಲೆಯಂತಹ ಕಾಳು. ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಅಥವಾ ಅನ್ನ; ಎರಡೂ ಬೇಕೆಂದರೆ ಆ ಕಾಲು ಭಾಗದೊಳಗೇ ಎರಡನ್ನೂ ಹೊಂದಿಸಿಕೊಳ್ಳಬೇಕು. ಮೇಲೊಂದು ಲೋಟ ಕೆನೆ ತೆಗೆದ ಮಜ್ಜಿಗೆ. ಸಸ್ಯಾಹಾರಿಗಳಾದ ನಮಗೆ ಕಾಳುಗಳು ಕಡಿಮೆಯಾದಷ್ಟೂ ಸ್ನಾಯು ಸೊರಗಿ ಹೊಟ್ಟೆ ಬೆಳೆಯುತ್ತದೆ.

ರಾತ್ರಿಯ ಊಟ ಹಗಲಿನ ಊಟಕ್ಕಿಂತ ಹಗುರಾಗಿರಲಿ, ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ನಾಲ್ವರ ಮನೆಗೆ ತಿಂಗಳಿಗೆ ಮೂರು ಲೀಟರಿನೊಳಗೆ ಅಡುಗೆ ಎಣ್ಣೆ ಸಾಕು. ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆದಿಟ್ಟರೆ ಲೆಕ್ಕ ತಾನಾಗಿ ತಿಳಿಯುತ್ತದೆ. ಚಹಾ ಎರಡೇ ಬಾರಿ, ಸಕ್ಕರೆ ಅರ್ಧ ಚಮಚೆ. ಇದನ್ನು ಒಮ್ಮೆಲೇ ಮಾಡಲಾಗದವರು ವಾರಕ್ಕೆ ಕಾಲು ಚಮಚೆಯಂತೆ ಇಳಿಸಲಿ, ನಾಲಗೆ ಒಗ್ಗಿಕೊಳ್ಳುತ್ತದೆ.

ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಚುರುಕಾದ ನಡಿಗೆ ಬೇಕು. ಜೊತೆಯವರೊಡನೆ ಮಾತಾಡಬಹುದು, ಹಾಡಲಾಗದು ಎಂಬಷ್ಟು ವೇಗವಿರಲಿ. ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ಬೈಠಕ್, ಸೂರ್ಯನಮಸ್ಕಾರ, ತೋಟದ ಅಗೆತ ಯಾವುದಾದರೂ ಇರಲಿ. ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಹಣೆಯಲ್ಲಿ ಬೆವರೊಡೆದು ಬಾಯಿಯಿಂದ ಉಸಿರಾಡುವಂತಾದಾಗ ನಿಲ್ಲಿಸಬೇಕು ಎಂಬ ಹಿಂದಿನವರ ಎಚ್ಚರಿಕೆ ಐವತ್ತು ದಾಟಿದವರಿಗೆ ಬಹಳ ಉಪಯುಕ್ತ. ಉಂಡ ಮೇಲೆ ನೂರು ಹೆಜ್ಜೆ ನಡೆಯುವ ರೂಢಿಯನ್ನೂ ಬಿಡಬಾರದು.

ಹಗಲು ನಿದ್ರೆ ಸ್ಥೂಲರಿಗೆ ಹಿತವಲ್ಲ. ಚರಕರು ಸ್ಥೂಲರಿಗೆ ಜಾಗರಣೆಯನ್ನೂ ಹೇಳಿದ್ದಾರೆ. ಅದನ್ನು ನಡುರಾತ್ರಿಯವರೆಗೆ ಮೊಬೈಲು ನೋಡುವುದಕ್ಕೆ ಅನುಮತಿಯೆಂದು ತಿಳಿಯಬಾರದು. ನಿದ್ದೆಗೆಟ್ಟವರಿಗೆ ಮರುದಿನ ಹಸಿವು ಹೆಚ್ಚುತ್ತದೆ, ಸಿಹಿಯ ಬಯಕೆ ಹೆಚ್ಚುತ್ತದೆ. ರಾತ್ರಿ ಏಳು ಗಂಟೆಯ ನಿದ್ದೆ, ಬೆಳಿಗ್ಗೆ ಬೇಗ ಏಳುವುದು ಇವೆರಡೂ ಕೂಡಿದರೆ ಸಾಕು.

ಎಚ್ಚರಿಕೆ ಮತ್ತು ಭರವಸೆ

ಎಲ್ಲ ಹೊಟ್ಟೆಯೂ ಬೊಜ್ಜಲ್ಲ. ಕೆಲವೇ ವಾರಗಳಲ್ಲಿ ಹೊಟ್ಟೆ ಉಬ್ಬಿ ಕೈಕಾಲು ಸಣ್ಣಗಾದರೆ, ಕಾಲಿನಲ್ಲಿ ಬಾವು ಬಂದರೆ, ಕಣ್ಣು ಹಳದಿಯಾದರೆ, ಸ್ತ್ರೀಯರಲ್ಲಿ ಕೆಳಹೊಟ್ಟೆ ಗಟ್ಟಿಯಾಗಿ ಬೆಳೆಯುತ್ತ ಹೋದರೆ ಅದು ಜಲೋದರವೋ ಗಡ್ಡೆಯೋ ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಇಲ್ಲದಿದ್ದರೆ ಸಕ್ಕರೆ ಅಂಶ ಅಪಾಯಕರವಾಗಿ ಇಳಿಯಬಹುದು. ಗರ್ಭಿಣಿಯರೂ ಎದೆಹಾಲುಣಿಸುವ ತಾಯಂದಿರೂ ತೂಕ ಇಳಿಸುವ ಪಥ್ಯಕ್ಕೆ ತಾವಾಗಿ ತೊಡಗಬಾರದು.

ಮೂರು ತಿಂಗಳು ನಡೆದರೂ ಹೊಟ್ಟೆ ಇಳಿಯಲಿಲ್ಲವೆಂದು ಬೇಸರಿಸಿ ಬಿಟ್ಟವರು ಅನೇಕರು. ಅವರಿಗಾಗಿ ಚೆನ್ನೈಯ ಒಂದು ಅಧ್ಯಯನವನ್ನು ಹೇಳುತ್ತೇನೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರ ಮತ್ತು ನಡಿಗೆಯನ್ನು ತಿದ್ದಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇಕಡಾ 28.5ರಷ್ಟು ಕಡಿಮೆಯಾಯಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಟೇಪಿನಲ್ಲಿ ಕಾಣುವ ಮೊದಲೇ ದೇಹದೊಳಗೆ ಒಳಿತು ನಡೆಯುತ್ತಿರುತ್ತದೆ. ಆದ್ದರಿಂದ ಅವಸರ ಬೇಡ. ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಅದೇ ಹೆಚ್ಚು. ಆರು ತಿಂಗಳಲ್ಲಿ ಇದ್ದ ತೂಕದ ಇಪ್ಪತ್ತರಲ್ಲೊಂದು ಭಾಗ ಹೋದರೂ ರಕ್ತದೊತ್ತಡ, ಸಕ್ಕರೆ, ಮಂಡಿನೋವು ಮೂರರಲ್ಲೂ ವ್ಯತ್ಯಾಸ ಕಾಣುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವು ಒಬ್ಬೊಬ್ಬರಿಗೇ ಅನ್ವಯಿಸುತ್ತ ಬಂದಿದ್ದೇವೆ. ಒಬ್ಬರಿಗೇ ಬೇರೆ ಅಡುಗೆ ಮಾಡಿಕೊಟ್ಟು, ಉಳಿದವರು ಎದುರಿಗೆ ಭಜಿ ತಿನ್ನುವ ಮನೆಯಲ್ಲಿ ಪಥ್ಯ ಹದಿನೈದು ದಿನವೂ ನಿಲ್ಲದು. ಊಟ ಬಲ್ಲ ಮನೆಯಾಗಬೇಕು, ಊಟ ಬಲ್ಲ ಪಂಕ್ತಿಯಾಗಬೇಕು. ಈ ಸಂಚಿಕೆ ಕೈಸೇರಿದ ದಿನವೇ ಮನೆಮಂದಿಯೆಲ್ಲ ಒಮ್ಮೆ ಸುತ್ತಳತೆ ತೆಗೆದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಅಳೆಯಿರಿ. ಅಲ್ಲಿಯವರೆಗೆ, ಬಡಿಸುವವರು ಕೇಳಿ ಬಡಿಸಲಿ; ಉಣ್ಣುವವರು ಸಂಕೋಚವಿಲ್ಲದೆ ಸಾಕೆನ್ನಲಿ.